ವಿಂಚ್ ಹಾಕಿಸಿ ಹಾನುಬಾಳಿಗೆ ಹೊರಡುವ ಮುಂಚೆ ಕೂಲರ್ ಕಡೆ ನೋಡಿ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಮೂಡಿಗೆರೆ ರಸ್ತೆ ಹಿಡಿದು ಹಾನುಬಾಳು ಕಡೆ ಹೋದರೆ ಎರಡೂ ಬದಿ ಕಾಫಿ ತೋಟ. ಮಳೆಗಾಲದ ಕೊನೆಯಲ್ಲಿ ಈ ತೋಟಗಳ ಒಳದಾರಿಯ ಕೆಂಪು ಮಣ್ಣು ಸೋಪಿನ ಹಾಗೆ ಜಾರುತ್ತದೆ. ಒಂದೇ ತೋಟಕ್ಕೆ ನಾನು ಎರಡು ಸಲ ಹೋದೆ, ಮಧ್ಯೆ ಮೂರು ವಾರ ಬಿಟ್ಟು. ಮೊದಲ ಸಲ ಅರ್ಧ ದಾರಿಯಲ್ಲೇ ಗಾಡಿ ನಿಲ್ಲಿಸಬೇಕಾಯಿತು. ಕೆಸರಲ್ಲಿ ಸಿಕ್ಕಿಕೊಂಡು ಅಲ್ಲ. ಗೇರ್‌ಬಾಕ್ಸ್ ಆಯಿಲ್ ವಿಪರೀತ ಬಿಸಿಯಾಗಿ ನಿಂತೆ.

ನನ್ನದು ಆಟೋಮ್ಯಾಟಿಕ್ ಗೇರ್‌ನ ಫೋರ್ ವೀಲ್ ಡ್ರೈವ್ ಗಾಡಿ. ಸಾಮಾನು, ಜನ ಎಲ್ಲಾ ಸೇರಿದರೆ ಎರಡೂವರೆ ಟನ್ ದಾಟುತ್ತದೆ. ಹಿಂದಿನ ಮಾಲೀಕರು ರೇಡಿಯೇಟರ್ ಮುಂದೆ, ಬಂಪರ್ ಹಿಂದೆ, ಒಂದು ಎಕ್ಸ್‌ಟ್ರಾ ಗೇರ್ ಆಯಿಲ್ ಕೂಲರ್, ಅಂದರೆ ಗೇರ್‌ಬಾಕ್ಸ್ ಆಯಿಲನ್ನು ಗಾಳಿಗೆ ತಣಿಸುವ ಸಣ್ಣ ರೇಡಿಯೇಟರ್, ಹಾಕಿಸಿದ್ದರು. ಒಳ್ಳೆಯ ಕೆಲಸ. ಆದರೆ ವಿಂಚ್, ಅಂದರೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟಾರು, ಕೂರಬೇಕಾದ ಜಾಗವೂ ಅದೇ. ಬಂಪರ್ ಮುಂದೆ ದೊಡ್ಡ ಬುಲ್ ಬಾರ್ (ಕಬ್ಬಿಣದ ಚೌಕಟ್ಟು) ಕಟ್ಟಿ ಅದರ ಮೇಲೆ ವಿಂಚ್ ಇಡಬಹುದಲ್ವಾ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬುಲ್ ಬಾರ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿಗೆ ಬರುವ ಮನುಷ್ಯನಿಗೂ ಅದು ಅಪಾಯ. ಹಾಗಾಗಿ ವಿಂಚ್ ಮೂಲ ಬಂಪರ್ ಒಳಗೇ ಕೂರಲಿ, ಕೂಲರ್ ಬೇರೆ ಕಡೆ ಹೋಗಲಿ ಅಂತ ತೀರ್ಮಾನಿಸಿದೆ. ನೀವು ಏನೇ ಬದಲಾವಣೆ ಮಾಡಿಸುವ ಮುಂಚೆ ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಳ್ಳಿ.

ಕೆಲಸ ಮಾಡಿಸಿದ್ದು ಒಂದು ಗ್ಯಾರೇಜಿನಲ್ಲಿ. ವಿಂಚ್ ಅಚ್ಚುಕಟ್ಟಾಗಿ ಕೂರಿಸಿದರು. ಕೂಲರನ್ನು ಮಾತ್ರ ಎಡಗಡೆ ಚಕ್ರದ ಗೂಡಿನ ಹತ್ತಿರ, ತೀರಾ ಕೆಳಗೆ, ಪ್ಲಾಸ್ಟಿಕ್ ಟೈಗಳಲ್ಲಿ ಕಟ್ಟಿದರು. ಪೈಪಿಗೆ ಸಾಮಾನ್ಯ ರಬ್ಬರ್ ಹೋಸ್. ನಾನು ಬಗ್ಗಿ ನೋಡಲೇ ಇಲ್ಲ. ತಪ್ಪು ನನ್ನದೂ ಹೌದು.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುವುದು ಟಾರ್ಕ್ ಕನ್ವರ್ಟರ್ ಒಳಗಿನ ಆಯಿಲ್ ಮೂಲಕ. ನಿಧಾನಕ್ಕೆ ಹತ್ತುವಾಗ ಕಾಲು ಆಕ್ಸಿಲರೇಟರ್ ಮೇಲೆ ಜೋರಾಗಿರುತ್ತದೆ, ಚಕ್ರ ಅಷ್ಟು ತಿರುಗುತ್ತಿರುವುದಿಲ್ಲ. ಆ ವ್ಯತ್ಯಾಸ ಎಲ್ಲಾ ಬಿಸಿಯಾಗಿ ಆಯಿಲ್ ಸೇರುತ್ತದೆ. ಅದೇ ಹೊತ್ತಿಗೆ ಗಾಡಿ ವೇಗ ಇಲ್ಲದೆ ಮುಂದಿನಿಂದ ಗಾಳಿಯೂ ಬರುವುದಿಲ್ಲ. ಹೆದ್ದಾರಿಯಲ್ಲಿ ಏನೂ ಗೊತ್ತಾಗುವುದಿಲ್ಲ. ತೋಟದ ಏರಿನಲ್ಲಿ ಗೊತ್ತಾಗುತ್ತದೆ.

ಗಾಡಿಯ ಕಂಪ್ಯೂಟರಿನ ಮಾಹಿತಿ ಸಿಗುವ ಓಬಿಡಿ ಪೋರ್ಟಿಗೆ ಸಣ್ಣ ರೀಡರ್ ಹಾಕಿ ಮೊಬೈಲಿನಲ್ಲಿ ಆಯಿಲ್ ಬಿಸಿ ನೋಡುತ್ತಿದ್ದೆ. ಸಕಲೇಶಪುರ ದಾಟುವವರೆಗೂ 88 ಡಿಗ್ರಿ. ತೋಟದ ಗೇಟು ದಾಟಿ ಎರಡನೇ ತಿರುವಿಗೆ 104. ಅಲ್ಲೇ ನಿಲ್ಲಿಸಬೇಕಿತ್ತು. ಇನ್ನೊಂದು ಏರು ಅಷ್ಟೇ ಅಂತ ಹೋದೆ. 121 ಆಯಿತು. ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಕೂಲರಿನ ಸಂದುಗಳಿಗೆಲ್ಲಾ ಕೆಂಪು ಕೆಸರು ಮೆತ್ತಿಕೊಂಡಿತ್ತು, ಗೋಡೆಗೆ ಗಾರೆ ಮಾಡಿದ ಹಾಗೆ. ಹೋಸ್ ಮುಟ್ಟಿದೆ. ಕ್ಲಾಂಪಿನ ಪಕ್ಕ ಉಬ್ಬಿ, ಹಣ್ಣಾದ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಅಲ್ಲಿಂದ ಒಂದೊಂದೇ ಕೆಂಪು ಹನಿ ಕೆಳಗಿನ ಜರಿಗಿಡದ ಎಲೆ ಮೇಲೆ ಬೀಳುತ್ತಿತ್ತು.

ಕ್ಲಾಂಪ್ ಬಿಗಿ ಮಾಡಿ, ಗೇರನ್ನು ಪಾರ್ಕಿಗೆ ಹಾಕಿ, ಎಂಜಿನ್ ಐಡ್ಲಿಂಗ್‌ನಲ್ಲೇ ಬಿಟ್ಟೆ. ಬಿಸಿ ಅಂತ ಗಾಬರಿಯಿಂದ ತಕ್ಷಣ ಆಫ್ ಮಾಡಬೇಡಿ. ಎಂಜಿನ್ ಓಡುತ್ತಿದ್ದರೆ ತಾನೇ ಪಂಪು ಆಯಿಲನ್ನು ಕೂಲರಿಗೆ ಕಳಿಸುವುದು. ಹೋಸ್ ಒಡೆದು ಆಯಿಲ್ ಸುರಿಯುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ಕೂಲರಿನ ಕೆಸರನ್ನು ಬಾಟಲಿ ನೀರಿನಲ್ಲಿ ತೊಳೆದೆ. 25 ನಿಮಿಷದ ಮೇಲೆ 95ಕ್ಕೆ ಇಳಿಯಿತು. ಡಿಕ್ಕಿಯಲ್ಲಿ ಅದೇ ಗೇರ್ ಆಯಿಲ್ ಒಂದು ಲೀಟರ್ ಇತ್ತು, ಬಚಾವಾದೆ. ಅಲ್ಲಿಂದಲೇ ವಾಪಸ್.

ಮತ್ತೆ ಮಾಡಿಸುವಾಗ ಬೇರೆ ಗ್ಯಾರೇಜು. ಈ ಸಲ ಪಕ್ಕದಲ್ಲೇ ನಿಂತೆ. ಕೂಲರನ್ನು ಬಂಪರಿಗಿಂತ ಮೇಲೆ, ಗ್ರಿಲ್ ಹಿಂದೆ, ಬಲಗಡೆ ಇಟ್ಟೆವು. ಎಸಿ ಕಂಡೆನ್ಸರಿಗೂ ಅದಕ್ಕೂ ಮಧ್ಯೆ ಒಂದು ಇಂಚು ಗ್ಯಾಪು, ಇಲ್ಲದಿದ್ದರೆ ಉಜ್ಜಿ ಉಜ್ಜಿ ಎರಡೂ ತೂತಾಗುತ್ತವೆ. ಮೂರು ಎಂಎಂ ಕಬ್ಬಿಣದ ಪಟ್ಟಿಯಲ್ಲಿ ಬ್ರಾಕೆಟ್, ನಾಲ್ಕು ಮೂಲೆಗೂ ರಬ್ಬರ್ ಬುಷ್. ಪೈಪಿನ ಬಾಯಿ ಮೇಲ್ಮುಖ, ಒಳಗೆ ಗಾಳಿ ಸಿಕ್ಕಿಕೊಳ್ಳದ ಹಾಗೆ. ಆಯಿಲ್ ಮೊದಲು ರೇಡಿಯೇಟರ್ ಒಳಗಿನ ಕೂಲರಿಗೆ ಹೋಗಿ, ಆಮೇಲೆ ಇಲ್ಲಿಗೆ ಬಂದು, ಗೇರ್‌ಬಾಕ್ಸಿಗೆ ಮರಳುತ್ತದೆ. ಮುಂದೆ ಗಾಳಿ ಒಳಗೆ ತಳ್ಳುವ ಸಣ್ಣ ಫ್ಯಾನ್. 82 ಡಿಗ್ರಿಗೆ ತಾನಾಗಿ ಓಡುವ ಸ್ವಿಚ್.

ಹೋಸಿನ ವಿಷಯದಲ್ಲಿ ದಯವಿಟ್ಟು ದುಡ್ಡು ಉಳಿಸಬೇಡಿ. ಗೇರ್ ಆಯಿಲ್ ಕೂಲರಿಗೆ ಅಂತಲೇ ಮಾಡಿದ ಹೋಸ್ ಸಿಗುತ್ತದೆ. ಡೀಸೆಲ್ ಪೈಪು, ನೀರಿನ ಪೈಪು ಈ ಬಿಸಿಗೆ ತಡೆಯುವುದಿಲ್ಲ. ರಬ್ಬರನ್ನು ಕೊಯ್ಯದ, ಅಂಚು ನಯವಾದ ಕ್ಲಾಂಪ್ ಹಾಕಿಸಿ. ಕಬ್ಬಿಣದ ಅಂಚು ದಾಟುವ ಕಡೆ ಗ್ರಾಮೆಟ್ (ರಬ್ಬರ್ ಬಳೆ) ಇರಲಿ. ಹೋಸ್ ಉದ್ದವಾದಷ್ಟು ಆಯಿಲ್ ಜಾಸ್ತಿ ಬೇಕು. ಗಾಡಿಯ ಪುಸ್ತಕ ಹೇಳಿದ ಬಿಸಿಯಲ್ಲಿ, ಹೇಳಿದ ರೀತಿಯಲ್ಲೇ ಲೆವೆಲ್ ನೋಡಿಸಿ. ಬೇರೆ ಜಾತಿಯ ಆಯಿಲ್ ಬೆರೆಸಬೇಡಿ.

ಎರಡನೇ ಸಲ ಹೊರಡುವ ಮುಂಚೆ ಗೊರೂರು ರಸ್ತೆಯಲ್ಲಿ ಸುಮ್ನೆ 50 ಕಿಲೋಮೀಟರ್ ಓಡಿಸಿ, ಗಾಡಿ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ನಿಲ್ಲಿಸಿದೆ. ಬೆಳಿಗ್ಗೆ ಪೇಪರ್ ಒಣಗೇ ಇತ್ತು. ತೋಟದ ಏರು ಶುರುವಾಗುವ ಮುಂಚೆಯೇ ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಗೇರಿಗೆ, ಹಾಕಿದೆ. ಅದೊಂದರಿಂದಲೇ ಬಿಸಿ ಎಷ್ಟೋ ಕಡಿಮೆ. ಅದೇ ಎರಡನೇ ತಿರುವಿನಲ್ಲಿ 91, ಮೇಲೆ ಹೋದಾಗ 97. ಅದಕ್ಕಿಂತ ಮೇಲೆ ಹೋಗಲಿಲ್ಲ.

ವಿಂಚ್ ಕೆಲಸಕ್ಕೆ ಬಂದದ್ದು ನನಗಲ್ಲ. ಗೊಬ್ಬರದ ಮೂಟೆ ಹೊತ್ತ ಪಿಕಪ್ ಒಂದು ಆಕ್ಸಲ್‌ವರೆಗೆ ಹೂತಿತ್ತು. ಹತ್ತಿರದ ಸಿಲ್ವರ್ ಓಕಿಗೆ ಪಟ್ಟಿ ಸುತ್ತಲು ಹೋದೆ. ತೋಟದ ಕೆಲಸ, ಲೆಕ್ಕ ನೋಡುವ ರೈಟರು ಓಡಿ ಬಂದು ತಡೆದರು. ಮರದ ತುಂಬಾ ಮೆಣಸಿನ ಬಳ್ಳಿ. ಪಟ್ಟಿ ಬಿಗಿದರೆ ಬಳ್ಳಿ ಸತ್ತೇ ಹೋಗುತ್ತದೆ, ಅವರಿಗೆ ಅದು ವರ್ಷಗಳ ದುಡಿಮೆ. ಅವರೇ ಒಂದು ದಪ್ಪ ಹಲಸಿನ ಮರ ತೋರಿಸಿದರು. ಅದಕ್ಕೆ ಅಗಲದ ಪಟ್ಟಿ ಸುತ್ತಿ, ಪಿಕಪ್ಪಿಗೆ ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯುವ ರಾಟೆ) ಹಾಕಿ, ವಿಂಚಿನ ಹಗ್ಗ ಅದರಲ್ಲಿ ಹಾಯಿಸಿ ತುದಿಯನ್ನು ಮರದ ಪಟ್ಟಿಗೆ ಸಿಕ್ಕಿಸಿ ಎಳೆದೆವು. ಎಳೆಯಬೇಕಾದ ಗಾಡಿಯ ಮೇಲಿನ ರಾಟೆಯಲ್ಲಿ ಹಗ್ಗ ಹೀಗೆ ಸುತ್ತಿ ಬಂದರೆ ಎಳೆತ ಹತ್ತಿರಹತ್ತಿರ ಎರಡರಷ್ಟು, ವೇಗ ಅರ್ಧ. ವಿಂಚ್ ಮೇಲೆ ಬರೆದ ಶಕ್ತಿ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ ಅನ್ನುವುದೂ ನೆನಪಿರಲಿ. ಮೇಲಿನ ಪದರದಲ್ಲಿ ಎಳೆದರೆ ಅಷ್ಟು ಸಿಗುವುದಿಲ್ಲ. ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ. ಎಂಜಿನ್ ಆನ್ ಇರಲಿ, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ.

ಈ ದಾರಿಗಳೆಲ್ಲಾ ಖಾಸಗಿ ತೋಟದವು. ಮಾಲೀಕರ ಒಪ್ಪಿಗೆ ಇಲ್ಲದೆ ನುಗ್ಗಬೇಡಿ. ಬಿಸಿಲೆ ಕಡೆಯ ಕಾಡು, ಬೆಟ್ಟದ ಹುಲ್ಲುಗಾವಲು ಇಲ್ಲೆಲ್ಲಾ ಗಾಡಿ ಇಳಿಸಲೇಬೇಡಿ. ಕಾಲಿಗೆ ಇಂಬಳ ಹತ್ತುತ್ತದೆ, ಉಪ್ಪು ಅಥವಾ ಸುಣ್ಣ ಇಟ್ಟುಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು ಸುತ್ತ ಕಾಡಾನೆ ಓಡಾಟ ಇದೆ. ಆವತ್ತು ಆನೆ ಯಾವ ಕಡೆ ಇವೆ ಅಂತ ತೋಟದವರನ್ನು ಕೇಳಿಯೇ ಹೊರಡಿ. ನಾವು ನಾಲ್ಕು ಗಂಟೆಗೇ ಹೊರಟೆವು. ಗೇಟಿನ ಹತ್ತಿರ ಇಳಿದು ಟಾರ್ಚ್ ಹಿಡಿದು ಕ್ಲಾಂಪಿನ ಸುತ್ತ ಬೆರಳಾಡಿಸಿದೆ. ಬೆರಳಿಗೆ ಕೆಂಪು ಮಣ್ಣು ಅಂಟಿತು. ಆಯಿಲ್ ಒಂದು ಚೂರೂ ಇರಲಿಲ್ಲ.