ಮುಂದೆ ವಂದನಾರ್ಪಣೆ ಸರ್

ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ. ನವೆಂಬರ್ ಒಂದಕ್ಕೇ ಮಾಡಬೇಕು ಅಂತ ಪ್ರತಿ ವರ್ಷ ತೀರ್ಮಾನವಾಗುತ್ತದೆ. ಪ್ರತಿ ವರ್ಷ ಶಾಮಿಯಾನದವರು ಸಿಗದೆ ತಿಂಗಳ ಕೊನೆಗೆ ಹೋಗುತ್ತದೆ. ಅದು ಹೋಗಲಿ ಬಿಡಿ. ನನ್ನ ತಲೆಯಲ್ಲಿ ಕೂತಿರುವುದು ವೇದಿಕೆ ಪಕ್ಕದಲ್ಲಿ ನಡೆದ ಒಂದು ನಿಮಿಷದ ಮಾತುಕತೆ.

ನಿರೂಪಣೆಗೆ ಒಬ್ಬ ಹುಡುಗಿಯನ್ನು ಕರೆಸಿದ್ದೆವು. ಹುಡುಗಿ ಅಂದರೆ ಮೂವತ್ತರ ಆಸುಪಾಸು ಇರಬಹುದು. ಮಕ್ಕಳ ನೃತ್ಯ ನಡೆಯುತ್ತಿತ್ತು. ಆಕೆ ವೇದಿಕೆಯಿಂದ ಇಳಿದು ನೀರು ಕುಡಿಯುತ್ತಿದ್ದರು. ನಾನು ಪಕ್ಕದಲ್ಲೇ ಶಾಲು, ಹಾರ, ಹಣ್ಣಿನ ಬುಟ್ಟಿ ಕಾಯುತ್ತಾ ನಿಂತಿದ್ದೆ. ಆಗ ನಮ್ಮ ಸಂಘದ ಹಿರಿಯರೊಬ್ಬರು ಬಂದರು. ರಿಟೈರ್ಡ್ ಎಂಜಿನಿಯರ್.

"ಚೆನ್ನಾಗಿ ಮಾತಾಡ್ತೀಯಮ್ಮ. ಎಷ್ಟು ವರ್ಷದಿಂದ ಇದನ್ನ ಮಾಡ್ತಿದೀಯ?"

"ಒಂಬತ್ತು ವರ್ಷ ಆಯ್ತು ಸರ್."

"ಮತ್ತೆ ಸಿನಿಮಾ ಗಿನಿಮಾ ಟ್ರೈ ಮಾಡಲಿಲ್ವಾ?"

"ಒಂದು ಸೀರಿಯಲ್ ಮಾಡಿದ್ದೆ ಸರ್. ಬಿಟ್ಟೆ. ಇದೇ ನನ್ನ ಕೆಲಸ."

"ಅದು ಸರಿ. ಮುಂದೆ?"

ಆಕೆ ಬಾಟಲಿಯ ಮುಚ್ಚಳ ತಿರುಗಿಸಿ, ಕೈಯಲ್ಲಿದ್ದ ಚೀಟಿ ನೋಡಿ, "ಮುಂದೆ ವಂದನಾರ್ಪಣೆ ಸರ್" ಅಂದರು.

ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದರು. ಹಿರಿಯರು ಜೇಬಿನಿಂದ ಆಹ್ವಾನ ಪತ್ರಿಕೆ ತೆಗೆದು, "ಹೌದಾ? ಇನ್ನೂ ಛದ್ಮವೇಷದ ಬಹುಮಾನ ಕೊಟ್ಟಿಲ್ವಲ್ಲ?" ಅಂತ ನನ್ನನ್ನು ಕೇಳಿದರು. ನಗು ತಡೆಯಲಾಗದೆ ನಾನು ಹಣ್ಣಿನ ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಸರಿ ಮಾಡುವವನಂತೆ ಬಗ್ಗಿದೆ.

ಹಿರಿಯರು ಕೆಟ್ಟವರಲ್ಲ. ಬೀದಿಯಲ್ಲಿ ಯಾರ ಮನೆಗೆ ಆಂಬ್ಯುಲೆನ್ಸ್ ಬಂದರೂ ಮೊದಲು ಓಡಿ ಬರುವವರು ಅವರೇ. ಆದರೆ ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ "ಮುಂದೆ ಏನು" ಅಂತ ಕೇಳುವ ಚಟ. ಪಿಯುಸಿ ಮುಗಿಸಿದವನಿಗೆ ಕೇಳಿದರೆ ಸರಿ. ಒಂಬತ್ತು ವರ್ಷದಿಂದ ಒಂದೇ ಕೆಲಸ ಮಾಡಿಕೊಂಡು ಮನೆ ನಡೆಸುತ್ತಿರುವವರಿಗೂ ಅದೇ ಪ್ರಶ್ನೆ. ಇವರು ಮೂವತ್ತು ಚಿಲ್ಲರೆ ವರ್ಷ ಒಂದೇ ಇಲಾಖೆಯಲ್ಲಿದ್ದರು. ಯಾರಾದರೂ "ಅದು ಸರಿ, ಮುಂದೆ?" ಅಂದಿದ್ದರೆ ಏನನ್ನುತ್ತಿದ್ದರೋ!

ಆಕೆ ಅವತ್ತು ಮಾಡಿದ ಕೆಲಸವನ್ನು ನೀವು ನೋಡಬೇಕಿತ್ತು. ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಜನ ಆಗಲೇ ಊಟದ ಕಡೆ ಕಣ್ಣು ಹಾಯಿಸುತ್ತಿದ್ದರು. ಮೈಕು ಬೇರೆ ಕುಯ್ ಅನ್ನುತ್ತಿತ್ತು. ಆಕೆ ಕಾರ್ಡ್‌ಲೆಸ್ ಮೈಕ್ ಹಿಡಿದು ಕೆಳಗಿಳಿದು ಬಂದು, ಹಿರಿಯರ ಸಾಲಿನ ಮುಂದೆ ನಿಂತು, "ನೀವು ನೋಡಿದ ಮೊದಲ ಸಿನಿಮಾ ಯಾವುದು? ಯಾವ ಟಾಕೀಸು?" ಅಂತ ಕೇಳಿದರು. ಅಷ್ಟೇ ಸಾಕಾಯಿತು. ಅಜ್ಜಿಯೊಬ್ಬರು ಸ್ಟೇಟ್ಸ್ ಟಾಕೀಸಿನಲ್ಲಿ ಗಂಡನ ಜೊತೆ 'ಬಂಗಾರದ ಮನುಷ್ಯ' ನೋಡಿದ್ದು ಹೇಳಿದರು. 1972ರಲ್ಲಿ ಬಿಡುಗಡೆಯಾಗಿ ಅಲ್ಲಿ ಎರಡು ವರ್ಷ ಓಡಿದ ಸಿನಿಮಾ. "ನಾವು ಹೋದಾಗಲೂ ಬ್ಲಾಕಲ್ಲೇ ಟಿಕೆಟ್ಟು" ಅಂದರು. ಇನ್ನೊಬ್ಬರು ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತಿದ್ದು ನೆನೆದರು. ಊಟದ ಕಡೆ ನೋಡುತ್ತಿದ್ದವರು ಕುರ್ಚಿ ತಿರುಗಿಸಿಕೊಂಡು ಕೂತರು. ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಅತಿಥಿಗಳು ಬಂದಾಗ ಇನ್ನೊಂದು ಸ್ವಲ್ಪ ಲೇಟಾಗಿ ಬಂದಿದ್ದರೆ ಚೆನ್ನಾಗಿತ್ತು ಅಂತ ನನಗನಿಸಿತು. ಅವರು ಮಾಡಿದ ಭಾಷಣ ಕೇಳಿದ ಮೇಲಂತೂ ಅದು ಖಾತ್ರಿಯಾಯಿತು.

ಇಷ್ಟೆಲ್ಲ ಆದಮೇಲೆ "ಅದು ಸರಿ. ಮುಂದೆ?"

ನಮ್ಮ ಮನಸ್ಸಿನಲ್ಲಿ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲು ಸ್ಟೇಜ್ ನಿರೂಪಣೆ. ಅದರ ಮೇಲೆ ಟಿವಿ. ಅದರ ಮೇಲೆ ಸೀರಿಯಲ್. ತುದಿಯಲ್ಲಿ ಸಿನಿಮಾ. ಈ ಏಣಿಯನ್ನು ಗಟ್ಟಿಯಾಗಿ ನಿಲ್ಲಿಸಿದವರಲ್ಲಿ ಗಣೇಶ್ ಅವರೂ ಒಬ್ಬರು. ಉದಯ ಟಿವಿಯ 'ಕಾಮಿಡಿ ಟೈಮ್' ನೆನಪಿದೆಯಲ್ಲ? ಫೋನ್ ಮಾಡಿದವರ ಜೊತೆ ಅವರು ಹರಟುತ್ತಿದ್ದ ಪರಿಗೆ ನಮ್ಮ ಮನೆಯಲ್ಲಿ ಅಡುಗೆಯೇ ತಡವಾಗುತ್ತಿತ್ತು. 2006ರಲ್ಲಿ 'ಚೆಲ್ಲಾಟ'ದ ಹೀರೋ. ಅದೇ ವರ್ಷದ ಕೊನೆಗೆ 'ಮುಂಗಾರು ಮಳೆ'. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಜಾಸ್ತಿ ಓಡಿತು. ಅಲ್ಲಿಂದ ಮೈಕ್ ಹಿಡಿದ ಪ್ರತಿ ಹುಡುಗನಿಗೂ ಚಿಕ್ಕಪ್ಪ, ದೊಡ್ಡಪ್ಪಂದಿರು ಅದೇ ಉದಾಹರಣೆ ಕೊಡತೊಡಗಿದರು. ಯಶ್ ಸೀರಿಯಲ್‌ನಿಂದ ಬಂದರು. ರಚಿತಾ ರಾಮ್ ಕೂಡ ಸೀರಿಯಲ್‌ನಿಂದಲೇ ಬಂದು 2013ರಲ್ಲಿ 'ಬುಲ್‌ಬುಲ್' ಮಾಡಿದರು. ತಮಿಳಿನಲ್ಲಿ ವಿಜಯ್ ಟಿವಿಯ ಶಿವಕಾರ್ತಿಕೇಯನ್ 2012ರಲ್ಲಿ ಹೀರೋ ಆದರು, ಈಗ ಅಲ್ಲಿನ ದೊಡ್ಡ ಸ್ಟಾರ್. ಎಲ್ಲ ನಿಜ. ಆದರೆ ಅದೇ ಕಾಲದಲ್ಲಿ ಅದೇ ಸ್ಟುಡಿಯೋಗಳಲ್ಲಿ ಮೈಕ್ ಹಿಡಿದ ಉಳಿದವರೆಲ್ಲ ಎಲ್ಲಿದ್ದಾರೆ? ಅವರನ್ನು ಯಾರೂ ಉದಾಹರಣೆ ಕೊಡುವುದಿಲ್ಲ.

ಈ ಏಣಿಯನ್ನು ಉಲ್ಟಾ ಇಳಿದು ಬಂದು ಕೆಳಗೆ ನಿಂತೇ ಎತ್ತರ ಕಂಡವರು ನನಗೆ ಜಾಸ್ತಿ ಇಷ್ಟ. ಈ ವಾರವೆಲ್ಲ ಅಪರ್ಣಾ ಅವರೇ ನೆನಪಾಗುತ್ತಿದ್ದರು. ಅವರು ಶುರು ಮಾಡಿದ್ದೇ ಸಿನಿಮಾದಿಂದ. ಅದೂ ಎಂಥ ಸಿನಿಮಾ! 'ಮಸಣದ ಹೂವು', ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ. ಪುಟ್ಟಣ್ಣ 1985ರಲ್ಲಿ ತೀರಿಕೊಂಡರು, ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಪುಟ್ಟಣ್ಣ ಪರಿಚಯಿಸಿದ ಹುಡುಗಿ ಅಂದರೆ ಆಗ ಗಾಂಧಿನಗರದಲ್ಲಿ ಅದೇ ದೊಡ್ಡ ಸರ್ಟಿಫಿಕೇಟು. ಆದರೆ ನಮ್ಮ ಕಾಲದವರಿಗೆ ಅಪರ್ಣಾ ಅಂದರೆ ದೂರದರ್ಶನ. ಆಕಾಶವಾಣಿ. ಸರ್ಕಾರಿ ಕಾರ್ಯಕ್ರಮದ ವೇದಿಕೆಯ ಎಡಗಡೆ ರೇಷ್ಮೆ ಸೀರೆಯಲ್ಲಿ ನಿಂತವರು. 1998ರ ದೀಪಾವಳಿ ಕಾರ್ಯಕ್ರಮವನ್ನು ಒಬ್ಬರೇ ಸತತ ಎಂಟು ಗಂಟೆ ನಿರೂಪಿಸಿದ್ದರು. ಎಂಟು ಗಂಟೆ! ನಮ್ಮ ಕಾರ್ಯದರ್ಶಿಗೆ ಎಂಟು ನಿಮಿಷದ ವರದಿ ಓದಲು ಎರಡು ಲೋಟ ನೀರು ಬೇಕು.

ಆಮೇಲೆ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ಬಂದರಲ್ಲ, ಜಂಬದ ಮಾತಿನ ವರೂ, ನನಗಂತೂ ಮೊದಲ ಸಲ ನೋಡಿದಾಗ ಆಘಾತ. ಅಷ್ಟು ವರ್ಷ ಒಂದು ಅಕ್ಷರ ಆಚೀಚೆ ಆಗದಂತೆ ಮಾತಾಡಿದವರು, ತಮ್ಮನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದಾರೆ. ಎರಡೇ ವಾರದಲ್ಲಿ ನಮ್ಮ ಮನೆಯಲ್ಲಿ ಆ ಕಾರ್ಯಕ್ರಮ ಹಾಕುತ್ತಿದ್ದದ್ದೇ ವರೂಗಾಗಿ. ಇನ್ನು ನಮ್ಮ ಮೆಟ್ರೋ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ವರ್ಷಗಟ್ಟಲೆ ಈ ಊರಿನವರು ಕನ್ನಡದಲ್ಲಿ ಕೇಳಿದ್ದು ಅವರ ದನಿಯನ್ನೇ. ಕನ್ನಡ ಬಾರದವರೂ ಅದನ್ನು ಕೇಳಿ ಇಳಿದಿದ್ದಾರೆ, ಹತ್ತಿದ್ದಾರೆ. 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 57 ವರ್ಷ. ಅವತ್ತು ಜನ ಬೇಜಾರು ಮಾಡಿಕೊಂಡ ರೀತಿ ನೋಡಿದರೆ, ಅವರು ಹೀರೋಯಿನ್ ಆಗಿ ಮುಂದುವರಿಯಲಿಲ್ಲ ಅಂತ ಕೊರಗಿದವರು ಒಬ್ಬರೂ ಇರಲಿಲ್ಲ.

ತೆಲುಗಿನ ಸುಮಾ ಕನಕಾಲ ಅವರ ಕಥೆಯೂ ಹಾಗೇ. ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳಂ. 90ರ ದಶಕದಲ್ಲಿ ದಾಸರಿ ನಾರಾಯಣ ರಾವ್ ಅವರ ಸಿನಿಮಾದಲ್ಲಿ ನಾಯಕಿಯಾದರು. ಆ ದಾರಿ ಹೆಚ್ಚು ದೂರ ಹೋಗಲಿಲ್ಲ. ನಿರೂಪಣೆ ಹಿಡಿದರು. ಇವತ್ತು ಹೈದರಾಬಾದಿನಲ್ಲಿ ದೊಡ್ಡ ಸಿನಿಮಾದ ಪ್ರೀ ರಿಲೀಸ್ ಕಾರ್ಯಕ್ರಮ ಅಂದರೆ ಮೊದಲು ನೆನಪಾಗುವ ಹೆಸರು ಸುಮಾ. ಸ್ಟಾರ್‌ಗಳನ್ನೇ ವೇದಿಕೆ ಮೇಲೆ ಕಾಲೆಳೆಯುತ್ತಾರೆ, ಅವರೂ ನಗುತ್ತಾರೆ. ನಮ್ಮಲ್ಲಿ ಮಂಗಳೂರಿನ ಅನುಶ್ರೀ 2015ರಲ್ಲಿ 'ಬೆಂಕಿಪಟ್ಣ'ದ ನಾಯಕಿಯಾದರು. ಹಾಗಂತ ಮೈಕ್ ಬಿಟ್ಟರಾ? ಇಲ್ಲ. ಅವರು ಮನೆಮನೆಗೆ ತಲುಪಿರುವುದು ಮೈಕ್ ಹಿಡಿದೇ.

ಇನ್ನೊಂದು ವಿಷಯ. ಸಿನಿಮಾದ ತುದಿಯಲ್ಲಿರುವವರೇ ಈ ಕೆಲಸಕ್ಕೆ ಇಳಿದು ಬಂದಿದ್ದಾರೆ. 2012ರಲ್ಲಿ ಪುನೀತ್ 'ಕನ್ನಡದ ಕೋಟ್ಯಧಿಪತಿ' ಮಾಡಿದರು. ಸ್ಪರ್ಧಿಯ ಎದುರು ಕೂತು, ಸ್ಪರ್ಧಿಗಿಂತ ಜಾಸ್ತಿ ಇವರೇ ಟೆನ್ಷನ್ ಮಾಡಿಕೊಳ್ಳುತ್ತಿದ್ದರು. 2013ರಿಂದ ಸುದೀಪ್ 'ಬಿಗ್ ಬಾಸ್'. 2014ರಿಂದ ರಮೇಶ್ ಅರವಿಂದ್ 'ವೀಕೆಂಡ್ ವಿತ್ ರಮೇಶ್'. ಸುದೀಪ್ ಅವರನ್ನು ತಡೆದು ನಿಲ್ಲಿಸಿ "ಚೆನ್ನಾಗಿ ಮಾತಾಡ್ತೀರಿ, ಅದು ಸರಿ, ಮುಂದೆ?" ಅಂತ ಕೇಳುವ ಧೈರ್ಯ ನಮ್ಮ ಹಿರಿಯರಿಗೆ ಇದೆಯಾ? ದುಡ್ಡು, ಹೆಸರು ಬೇರೆ ಬೇರೆ ಇರಬಹುದು. ಎದುರು ಕೂತವರನ್ನು ಮಾತಿಗೆಳೆಯುವುದು, ಜನರ ಗಮನ ಜಾರದಂತೆ ನೋಡಿಕೊಳ್ಳುವುದು, ಆ ಕೆಲಸ ಇಬ್ಬರದ್ದೂ ಒಂದೇ.

ಉಮಾಶ್ರೀ ಅವರನ್ನು ಈ ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತೀರಿ? ನಾಟಕ, ಸಿನಿಮಾದಲ್ಲಿ ಕಾಮಿಡಿ, 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ, 2013ರಲ್ಲಿ ಮಂತ್ರಿ. ಅದೆಲ್ಲ ಆದಮೇಲೆ 2021ರಲ್ಲಿ 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನಲ್ಲಿ ಮೆಸ್ ನಡೆಸುವ ಪುಟ್ಟಕ್ಕ. ಏಣಿಯೇ ಸುಳ್ಳು ಅಂತ ನನಗನಿಸುವುದು ಇಂಥವರನ್ನು ನೋಡಿದಾಗಲೇ.

ಅವತ್ತು ಊಟಕ್ಕೆ ಕೂತಾಗ ಆ ನಿರೂಪಕಿ ನಮ್ಮ ಸಾಲಿನಲ್ಲೇ ಇದ್ದರು. ಸೀರಿಯಲ್ ಯಾಕೆ ಬಿಟ್ಟಿರಿ ಅಂತ ನನ್ನ ಹೆಂಡತಿ ಕೇಳಿದಳು. ನಾನು ಕೇಳುತ್ತಿರಲಿಲ್ಲ, ಆದರೆ ಕಿವಿ ಮಾತ್ರ ಅಲ್ಲೇ ಇತ್ತು. "ನಾನು ಬಿಟ್ಟಿದ್ದು ಆಮೇಲೆ ಮೇಡಂ. ಮೊದಲು ನನ್ನ ಪಾತ್ರವನ್ನ ಅಮೆರಿಕಕ್ಕೆ ಕಳಿಸಿಬಿಟ್ರು. ಇನ್ನೂ ವಾಪಸ್ ಕರೆಸಿಲ್ಲ" ಅಂತ ಅವರು ನಕ್ಕರು. ದಿನದ ಲೆಕ್ಕದ ಸಂಭಾವನೆ. ಆ ತಿಂಗಳು ಕಥೆಯಲ್ಲಿ ನಿಮ್ಮ ಟ್ರ್ಯಾಕ್ ಇದ್ದರೆ ದಿನಗಳು ಸಿಗುತ್ತವೆ, ಇಲ್ಲದಿದ್ದರೆ ಇಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ, ಶುಕ್ರವಾರ ಕಥೆ ಬದಲಾಗುತ್ತದೆ. ಸೀರೆ, ಬಳೆ, ಸರ ಎಲ್ಲ ಅವರದ್ದೇ. ಶ್ರೀಮಂತರ ಮನೆ ಸೊಸೆಯ ಪಾತ್ರ ಬೇರೆ. ದಿನಕ್ಕೆ ಮೂರು ನಾಲ್ಕು ಸೀರೆ ಬೇಕು. ಅಕ್ಕನ ಮದುವೆ ಸೀರೆಯನ್ನೂ ಉಟ್ಟು ಮುಗಿಸಿದರಂತೆ. ದುಡ್ಡು ಕೈಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವಂತೆ. "ಈಗ ಮದುವೆ, ಅರಿಶಿಣ ಶಾಸ್ತ್ರ, ಕಂಪನಿಯವರ ಕಾರ್ಯಕ್ರಮ, ಕಾಲೇಜ್ ಡೇ. ಅರ್ಧ ಅಡ್ವಾನ್ಸು, ಅರ್ಧ ಅವತ್ತೇ" ಅಂದರು.

ಆ "ಅರ್ಧ ಅವತ್ತೇ" ಅನ್ನುವ ಮಾತಿಗೆ ನಾನು ಸಾರಿನಿಂದ ತಲೆ ಎತ್ತಲಿಲ್ಲ. ಯಾಕೆಂದರೆ ನಮ್ಮ ಖಜಾಂಚಿ ಆಗಲೇ ಕೈಕೊಟ್ಟು ಮನೆಗೆ ಹೋಗಿದ್ದರು. ಶಾಮಿಯಾನದವನಿಗೆ ಅವತ್ತೇ ಕೊಟ್ಟರು. ಹಾರ, ಪೇಟದ ಅಂಗಡಿಗೆ ಮುಂಚೆಯೇ ಕೊಟ್ಟಿದ್ದರು. ಅಡುಗೆಯವರಿಗೂ ಕೊಟ್ಟಾಗಿತ್ತು. ಉಳಿದದ್ದು ನಿರೂಪಕಿಯ ಅರ್ಧ ದುಡ್ಡು.

ಮಂಗಳವಾರ ಖಜಾಂಚಿಗೆ ಫೋನ್ ಮಾಡಿದೆ. "ಕೊಡೋಣ ಸಾರ್, ಅರ್ಜೆಂಟ್ ಏನು? ಮಾತಾಡಿದ್ದಕ್ಕೆ ತಾನೇ?" ಅಂದರು. ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ಅವತ್ತು ಆ ಮುಕ್ಕಾಲು ಗಂಟೆ ನೀವು ಮೈಕ್ ಹಿಡಿದಿದ್ದರೆ ಊಟವೂ ಮುಗಿದು, ಮುಖ್ಯ ಅತಿಥಿಗಳಿಗೆ ಖಾಲಿ ಕುರ್ಚಿಗಳೇ ಗತಿಯಾಗುತ್ತಿತ್ತು. ಅವರಿಗೆ ಬೇಜಾರಾಯಿತು. ಆಗಲಿ. ಸಂಬಳ ಒಂದು ದಿನ ತಡವಾದರೆ ಮ್ಯಾನೇಜರಿಗೆ ಮೇಲ್ ಹಾಕುವ ಮನುಷ್ಯ ಅವರು.

ಗುರುವಾರ ರಾತ್ರಿ ದುಡ್ಡು ಹೋಯಿತು. ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ ಅಂತ ಹಠ ಹಿಡಿದೆ, ಹಾಕಿದರು. ಅದರ ಕೆಳಗೇ ಒಬ್ಬರು ಬರೆದರು: "ಮುಂದಿನ ವರ್ಷ ಯಾರಾದ್ರೂ ಸೀರಿಯಲ್ ಹೀರೋಯಿನ್ ಕರೆಸೋಣ, ಕ್ರೌಡ್ ಬರುತ್ತೆ." ಹದಿನಾರು ಲೈಕು. ಹೀರೋಯಿನ್ ಬಂದು, ಕೈ ಬೀಸಿ, ಸೆಲ್ಫಿ ಕೊಟ್ಟು ಹತ್ತು ನಿಮಿಷಕ್ಕೆ ಕಾರು ಹತ್ತುತ್ತಾರೆ, ಆಮೇಲೆ ಅತಿಥಿಗಳು ಬರುವ ತನಕ ಯಾರು ನಿಲ್ಲುತ್ತೀರಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಈಕೆಯ ಡೇಟನ್ನೇ ಈಗಲೇ ಹಿಡಿದಿಡೋಣ, ಅಡ್ವಾನ್ಸ್ ಕೊಟ್ಟುಬಿಡೋಣ ಅಂತಲೂ ಹಾಕಿದ್ದೇನೆ. ಇಲ್ಲಿಯವರೆಗೆ ಬಂದಿರುವ ಲೈಕು ಎರಡು. ಒಂದು ನನ್ನ ಹೆಂಡತಿಯದು. ಇನ್ನೊಂದು, ಆಶ್ಚರ್ಯ, ಆ ಹಿರಿಯರದ್ದು.