ಫಿಲಿಪೀನ್ಸ್ ಕಾಲಪಟ್ಟಿ: ಒಂದೇ ಕೂಗು, ನಾಲ್ಕು ತಾರೀಖು

ಫಿಲಿಪೀನ್ಸ್ ಇತಿಹಾಸದ ಕಾಲಪಟ್ಟಿಯನ್ನು ಕನ್ನಡದಲ್ಲಿ ಮಾಡುವ ಕೆಲಸ ಸದ್ಯ ಸ್ಪೇನ್ ವಿರುದ್ಧ ದಂಗೆ ಎದ್ದ 1896ಕ್ಕೆ ಬಂದು ನಿಂತಿದೆ. ಮೆಗಲನ್ ಹಡಗು ಬಂದ 1521ರಿಂದ ಹಿಡಿದು, ಸ್ಪೇನ್ ಹೋಗಿ ಅಮೆರಿಕ ಬಂದ 1898ರ ತನಕ ಅಂತ ಮೊದಲೇ ಗಡಿ ಹಾಕಿಕೊಂಡಿದ್ದೆ. ಎಕ್ಸೆಲ್ ಹಾಳೆಯಲ್ಲಿ ಮೂರೇ ಕಾಲಂ: ತಾರೀಖು, ಜಾಗ, ಏನಾಯಿತು. ಈಗ ಹಾಳೆ ಕೆಳಗೆ ಇಳಿಯುವುದು ಬಿಟ್ಟು ಅಡ್ಡಕ್ಕೆ ಬೆಳೆಯುತ್ತಿದೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಯಾರ ಮುಂದೆ ಹೇಳಿದ್ದು ಅಂತ ಮೂರು ಕಾಲಂ ಹೊಸದಾಗಿ ಸೇರಿವೆ. ಇದರಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತಿರುವುದು ನಡುವಿನದು, ‘ಯಾವಾಗ ಹೇಳಿದ್ದು’.

1521ರ ಸಾಲುಗಳು ಸಲೀಸಾಗಿ ತುಂಬಿದವು. ಇಟಲಿಯ ಪಿಗಾಫೆಟ್ಟಾ ಅದೇ ಹಡಗಿನಲ್ಲಿದ್ದ, ಕಂಡದ್ದನ್ನು ಬರೆದಿಟ್ಟ. ಫ್ರಾನ್ಸಿಸ್ಕೊ ಆಲ್ಬೊ ಎಂಬ ನಾವಿಕನ ದಿನಚರಿಯೂ ಉಳಿದಿದೆ. ಮಾರ್ಚ್ 31ರ ಈಸ್ಟರ್ ಪೂಜೆ ನಡೆದದ್ದು ಲಿಮಸಾವಾ ದ್ವೀಪದಲ್ಲೋ ಬುತುವಾನ್‌ನಲ್ಲೋ ಅಂತ ಅಲ್ಲಿ ದೊಡ್ಡ ಜಗಳವೇ ಇದೆ. ಸರ್ಕಾರದ ಸಮಿತಿಗಳು ಲಿಮಸಾವಾ ಪರವಾಗಿಯೇ ತೀರ್ಪು ಕೊಟ್ಟಿವೆ, ನಾನೂ ಅದನ್ನೇ ಹಾಕಿ ಮುಂದೆ ಹೋದೆ. ಏಪ್ರಿಲ್ 27ರಂದು ಮಕ್ತಾನ್‌ನಲ್ಲಿ ಮೆಗಲನ್ ಸತ್ತ. ಅವನ ಎದುರು ನಿಂತ ಲಾಪುಲಾಪು ಕಡೆಯವರು ಬರೆದ ಒಂದು ಸಾಲೂ ನಮ್ಮ ಕೈಯಲ್ಲಿಲ್ಲ. ಆ ಸಾಲಿನಲ್ಲಿ ‘ಒಂದೇ ಕಡೆಯ ಮಾತು’ ಅಂತ ಗುರುತು ಹಾಕಿದ್ದೇನೆ.

ಈಗ 1896ಕ್ಕೆ ಬರೋಣ.

ಆಂದ್ರೆಸ್ ಬೊನಿಫಾಸಿಯೊ ಮುಂದಾಳಾಗಿದ್ದ ಕತಿಪುನಾನ್ ಅನ್ನೋ ಗುಪ್ತ ಸಂಘ 1892ರ ಜುಲೈಯಲ್ಲಿ ಮನಿಲಾದಲ್ಲಿ ಹುಟ್ಟಿತು. 1896ರ ಆಗಸ್ಟ್ 19ಕ್ಕೆ ಗುಟ್ಟು ಬಯಲಾಯಿತು. ಸಂಘದ ತೆಯೊದೊರೊ ಪತಿನೊ ತನ್ನ ತಂಗಿಯ ಹತ್ತಿರ ಬಾಯಿಬಿಟ್ಟ, ವಿಷಯ ಪಾದ್ರಿ ಮರಿಯಾನೊ ಗಿಲ್ ಕಿವಿಗೆ ಬಿತ್ತು. ಬಂಧನ ಶುರುವಾಯಿತು. ಬೊನಿಫಾಸಿಯೊ ಮತ್ತು ಜೊತೆಯವರು ಊರಿನ ಉತ್ತರಕ್ಕೆ, ಬಲಿಂತಾವಕ್ ಕಡೆಗೆ ಹೋಗಿ ಸೇರಿದರು. ದಂಗೆ ಏಳುವುದೇ ಸರಿ ಅಂತ ತೀರ್ಮಾನಿಸಿ, ತಮ್ಮ ಸೆದುಲಾಗಳನ್ನು ಹರಿದು ಹಾಕಿ ಕೂಗಿದರು. ‘ಕೂಗು’ ಅಂತ ಹೆಸರಾದದ್ದು ಇದೇ. ಸೆದುಲಾ ಅಂದರೆ ದುಡ್ಡು ಕಟ್ಟಿ ತೆಗೆದುಕೊಳ್ಳಬೇಕಿದ್ದ ಗುರುತಿನ ಚೀಟಿ, ತೆರಿಗೆ ರಸೀದಿಯೂ ಅದೇ. ಅದನ್ನು ಹರಿಯುವುದು ಅಂದರೆ ಸ್ಪೇನ್ ಸರ್ಕಾರವನ್ನು ಇನ್ನು ಮೇಲೆ ಒಪ್ಪುವುದಿಲ್ಲ ಅಂತ.

ಇಲ್ಲಿಯವರೆಗೆ ತಕರಾರಿಲ್ಲ. ಯಾವ ದಿನ, ಯಾರ ಮನೆ ಅಂಗಳದಲ್ಲಿ ಅಂತ ಕೇಳಿದರೆ ಶುರುವಾಗುತ್ತದೆ. ಸ್ಪೇನಿನ ಅಧಿಕಾರಿ ಒಲೆಗಾರಿಯೊ ದಿಯಾಸ್ ಬರೆದದ್ದು ಆಗಸ್ಟ್ 25, ಬಲಿಂತಾವಕ್. ಬೊನಿಫಾಸಿಯೊ ಹೆಂಡತಿ ಗ್ರೆಗೊರಿಯಾ ದೆ ಹೆಸುಸ್ ಹೇಳಿದ್ದೂ 25, ಆದರೆ ಕಲೊಕಾನ್ ಹತ್ತಿರ. ಕವೀತೆ (Cavite) ಪ್ರಾಂತ್ಯದ ಸಾಂತಿಯಾಗೊ ಅಲ್ವಾರೆಸ್ ಪ್ರಕಾರ 24, ಬಹಾಯ್ ತೊರೊ. ಬೊನಿಫಾಸಿಯೊನ ಗೆಳೆಯ ಗಿಯೆರ್ಮೊ ಮಸಂಕಾಯ್ 26 ಅಂದರು, ಬಲಿಂತಾವಕ್‌ನಲ್ಲಿ. ಇವರಲ್ಲಿ ಅಲ್ವಾರೆಸ್ ಮತ್ತು ದಿಯಾಸ್ ಆವತ್ತು ಆ ಜಾಗದಲ್ಲಿ ಇರಲೇ ಇಲ್ಲ. ಹಾಗಾಗಿ ಅವರ ಸಾಲುಗಳಿಗೆ ಬೂದು ಬಣ್ಣ ಬಳಿದೆ. ಮಸಂಕಾಯ್ ಅಲ್ಲಿದ್ದವರೇ.

ಇದ್ದವರಲ್ಲಿ ಡಾಕ್ಟರ್ ಪಿಯೊ ವಲೆನ್ಸುವೆಲಾ ಅವರ ಪ್ರಕರಣ ಬೇರೆಯೇ. ಕತಿಪುನಾನ್‌ನಲ್ಲಿ ದೊಡ್ಡ ಸ್ಥಾನದಲ್ಲಿದ್ದವರು, ಓದಿದವರು, ಎಲ್ಲವನ್ನೂ ಕಣ್ಣಾರೆ ಕಂಡವರು. ಅವರೊಬ್ಬರಿಗೇ ನಾಲ್ಕು ಸಾಲು ಬೇಕಾಯಿತು. 1896ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ತನಿಖಾಧಿಕಾರಿಗಳ ಮುಂದೆ ಹೇಳಿದ್ದು: 23ರಿಂದ 25ರ ತನಕ ಬಲಿಂತಾವಕ್‌ನಲ್ಲಿ ಸಭೆ. 1911ರಲ್ಲಿ: 23ರಂದು, ಬಲಿಂತಾವಕ್‌ನ ಅಪೊಲೊನಿಯೊ ಸಾಮ್ಸೊನ್ ಮನೆಯಲ್ಲಿ. 1928ರ ನಂತರ: 24ರಂದು, ಪುಗಾದ್ ಲಾವಿನ್‌ನ ತಂದಾಂಗ್ ಸೋರಾ ಮನೆಯಲ್ಲಿ. ಕೊನೆಗೆ ಆತ್ಮಕಥನದಲ್ಲಿ: 23ರಂದು, ಪುಗಾದ್ ಲಾವಿನ್‌ನಲ್ಲೇ, ಆದರೆ ಹುವಾನ್ ರಾಮೋಸ್ ಮನೆಯಲ್ಲಿ. ಹುವಾನ್ ರಾಮೋಸ್ ಅಂದರೆ ತಂದಾಂಗ್ ಸೋರಾ ಅವರ ಮಗ.

ಈ ತಂದಾಂಗ್ ಸೋರಾ ಅಜ್ಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಜವಾದ ಹೆಸರು ಮೆಲ್ಚೋರಾ ಅಕೀನೊ. ದಂಗೆ ಎದ್ದಾಗ ವಯಸ್ಸು 84. ಬಂದವರಿಗೆಲ್ಲ ಊಟ ಹಾಕಿ, ಗಾಯ ಆದವರನ್ನು ನೋಡಿಕೊಂಡಿದ್ದಕ್ಕೆ ಸ್ಪೇನ್ ಆಕೆಯನ್ನು ಗುವಾಮ್ ದ್ವೀಪಕ್ಕೆ ಗಡಿಪಾರು ಮಾಡಿತು. 1903ರಲ್ಲಿ ವಾಪಸು ಬಂದು 1919ರ ತನಕ ಬದುಕಿದ್ದರು. ಅಷ್ಟು ವರ್ಷ ಊರಲ್ಲೇ ಇದ್ದ ಆಕೆಯನ್ನು ಕೂರಿಸಿಕೊಂಡು ‘ಅಜ್ಜಿ, ಚೀಟಿ ಹರಿದದ್ದು ನಿಮ್ಮ ಮನೆಯಲ್ಲೋ ಮಗನ ಮನೆಯಲ್ಲೋ’ ಅಂತ ಸಾವಕಾಶವಾಗಿ ಕೇಳಿ ಬರೆದುಕೊಂಡ ಕಾಗದವೊಂದು ಈ ವಾದದಲ್ಲಿ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ಹೇಳಿದ್ದೇ ನಿಜ ಅಂತ ಸುಮ್ನೆ ಒಂದು ನಿಯಮ ಹಾಕಿಕೊಂಡರೆ ಕೆಲಸ ಮುಗಿಯುತ್ತಿತ್ತು. ಘಟನೆಗೆ ಹತ್ತಿರ ಇರುವ ಸಾಕ್ಷಿಗೆ ಬೆಲೆ ಜಾಸ್ತಿ ಅಂತ ಇತಿಹಾಸದ ಪಾಠದಲ್ಲೂ ಹೇಳುತ್ತಾರೆ. ಆದರೆ 1896ರ ಸೆಪ್ಟೆಂಬರ್‌ನಲ್ಲಿ ವಲೆನ್ಸುವೆಲಾ ಕೂತಿದ್ದು ತನಿಖಾಧಿಕಾರಿ ಮುಂದೆ. ಒಂದು ಮಾತು ಹೆಚ್ಚುಕಮ್ಮಿಯಾದರೆ ತನ್ನದೋ ಗೆಳೆಯರದೋ ಜೀವ ಹೋಗುತ್ತಿತ್ತು. ಅದೇ ವರ್ಷ ಜೂನ್‌ನಲ್ಲಿ ದಪಿತಾನ್‌ಗೆ ಹೋಗಿ, ಗಡಿಪಾರಾಗಿದ್ದ ಲೇಖಕ ಹೊಸೆ ರಿಸಾಲ್‌ನನ್ನು ಕಂಡು ದಂಗೆಯ ಬಗ್ಗೆ ಮಾತಾಡಿ ಬಂದವರೂ ಇವರೇ. ರಿಸಾಲ್ ದಂಗೆ ಬೇಡವೇ ಬೇಡ ಅಂದ ಅಂತ ತನಿಖೆಯಲ್ಲಿ ಹೇಳಿದರು. ರಿಸಾಲ್ ವಿರೋಧಿಸಲಿಲ್ಲ, ಆಯುಧ ಕೂಡಿಸಿ, ಅನುಕೂಲಸ್ಥರ ಬೆಂಬಲ ಪಡೆದು ಆಮೇಲೆ ಹೊರಡಿ ಅಂದ ಅಂತ ಸ್ಪೇನ್ ಹೋದ ಮೇಲೆ ಹೇಳಿದರು. ಮೊದಲನೆಯದು ರಿಸಾಲ್‌ನನ್ನು ಉಳಿಸಲು ಹೇಳಿದ್ದಿರಬಹುದು. ಎರಡನೆಯದು ರಾಷ್ಟ್ರವೀರನಾಗಿಬಿಟ್ಟಿದ್ದ ರಿಸಾಲ್‌ನ ಹೆಸರಿಗೆ ಒಪ್ಪುವಂತೆ ಹೇಳಿದ್ದೂ ಇರಬಹುದು. ಅದಕ್ಕೇ ‘ಯಾವಾಗ’ ಕಾಲಂ ಪಕ್ಕದಲ್ಲೇ ‘ಯಾರ ಮುಂದೆ’ ಅಂತ ಇಟ್ಟಿದ್ದು. ತಾರೀಖಿನ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿ ಅವರಿಗೆ ಏನೂ ಲಾಭ ಇರಲಿಲ್ಲ ಅನ್ನೋದು ನನ್ನ ಅಂದಾಜು. ಹಾಗಾಗಿ ಆ ಒಂದು ವಿಷಯಕ್ಕೆ 1896ರ ಹೇಳಿಕೆಗೇ ನನ್ನ ವೋಟು.

ಸರ್ಕಾರ ಕೇಳಿದ್ದು ಬೇರೆ ಮಾತು. 1911ರಲ್ಲಿ ಬಲಿಂತಾವಕ್‌ನಲ್ಲಿ ಸ್ಮಾರಕ ನಿಂತಿತು, ಬಹಳ ಕಾಲ 26ನೇ ತಾರೀಖೇ ಆಚರಣೆಯಲ್ಲಿತ್ತು. ಇತಿಹಾಸಕಾರ ತೆಯೊದೊರೊ ಅಗೊನ್ಸಿಲ್ಲೊ ವಲೆನ್ಸುವೆಲಾ ಅವರ ಆತ್ಮಕಥನ ನಂಬಿ 23, ಪುಗಾದ್ ಲಾವಿನ್ ಅಂದರು. 1963ರಲ್ಲಿ ಅಧ್ಯಕ್ಷ ಮಕಪಗಾಲ್ ಅದನ್ನೇ ಅಧಿಕೃತ ಮಾಡಿದರು. 1968ರಲ್ಲಿ ಹಳೆಯ ಸ್ಮಾರಕದ ಪ್ರತಿಮೆಯನ್ನು ಎತ್ತಿ ಫಿಲಿಪೀನ್ಸ್ ವಿಶ್ವವಿದ್ಯಾಲಯದ ದಿಲಿಮಾನ್ ಆವರಣಕ್ಕೆ ಸಾಗಿಸಿದರು. 1998ರಲ್ಲಿ ಸೊಲೆದಾದ್ ಬೊರೊಮಿಯೊ-ಬ್ಯೂಲರ್ ಪುಸ್ತಕ ಬರೆದು ಮತ್ತೆ 26 ಅಂತ ವಾದಿಸಿದರು. ಪ್ರತಿಮೆ ವಾಪಸು ಹೋಗಿಲ್ಲ.

ಸಾಕ್ಷಿಗಳ ಮಾತನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ನನಗೆ ಅನ್ನಿಸೋದು ಇಷ್ಟು. ಜನ ಒಂದೇ ಕಡೆ ಕೂತಿರಲಿಲ್ಲ. ಪೊಲೀಸರಿಗೆ ಹೆದರಿ ಮನೆಯಿಂದ ಮನೆಗೆ ಹೋಗುತ್ತಿದ್ದರು. ಸಭೆ, ತೀರ್ಮಾನ, ಚೀಟಿ ಹರಿದದ್ದು, ಮೊದಲ ಗುಂಡು, ಇವೆಲ್ಲ ಬೇರೆ ಬೇರೆ ದಿನ ನಡೆದಿರಬಹುದು. ಚೀಟಿ ಒಂದಕ್ಕಿಂತ ಹೆಚ್ಚು ಸಲವೂ ಹರಿದಿರಬಹುದು. ನಮ್ಮಲ್ಲಿ ಮದುವೆ ಯಾವತ್ತು ಅಂದರೆ ಒಬ್ಬರು ಚಪ್ಪರದ ದಿನ ಹೇಳುತ್ತಾರೆ, ಒಬ್ಬರು ಧಾರೆಯ ದಿನ, ಇನ್ನೊಬ್ಬರು ಬೀಗರೂಟದ ದಿನ, ಅಲ್ವಾ? ಜೊತೆಗೆ ಬಲಿಂತಾವಕ್ ಅನ್ನೋ ಹೆಸರನ್ನು ಸುತ್ತಲಿನ ಇಡೀ ಸೀಮೆಗೂ ಬಳಸುತ್ತಿದ್ದರು. ಹಾಗಾಗಿ ಮುಖ್ಯ ಹಾಳೆಯಲ್ಲಿ ‘ಆಗಸ್ಟ್ 23–26, ಬಲಿಂತಾವಕ್ ಸುತ್ತಮುತ್ತ’ ಅಂತ ಒಂದೇ ಸಾಲು ಬರೆದು, ಎಲ್ಲ ಹೇಳಿಕೆಗಳನ್ನೂ ಬೇರೆ ಹಾಳೆಗೆ ಹಾಕಿ ಲಿಂಕ್ ಕೊಟ್ಟಿದ್ದೇನೆ.

ಈ ಹೊಸ ಕಾಲಂಗಳನ್ನು ಹಿಡಿದುಕೊಂಡು ಹಿಂದಿನ ಸಾಲುಗಳಿಗೂ ಒಂದು ಸುತ್ತು ಹೋದೆ. 1872ರಲ್ಲಿ ಮಜಾ ಸಿಕ್ಕಿತು. ಆ ವರ್ಷ ಜನವರಿ 20ರಂದು ಕವೀತೆಯ ಕೋಟೆಯಲ್ಲಿ ಸೈನಿಕರು, ಕೆಲಸಗಾರರು ದಂಗೆ ಎದ್ದರು. ತೆರಿಗೆ ಮತ್ತು ಬಿಟ್ಟಿ ದುಡಿಮೆಯಿಂದ ಇದ್ದ ವಿನಾಯಿತಿಯನ್ನು ಗವರ್ನರ್ ಇಸ್ಕಿಯೆರ್ದೊ ಕಿತ್ತುಕೊಂಡಿದ್ದ. ಅದೇ ಇಸ್ಕಿಯೆರ್ದೊ ವರದಿಯಲ್ಲಿ ಇದು ದೇಶವನ್ನೇ ಸ್ಪೇನಿನಿಂದ ಕೀಳುವ ಒಳಸಂಚು. ಫಿಲಿಪೀನ್ಸ್ ವಿದ್ವಾಂಸ ಪಾರ್ದೊ ದೆ ತವೇರಾ ಬರಹದಲ್ಲಿ ಅದು ಬರೀ ಸೈನಿಕರ ಸಿಟ್ಟು, ಸನ್ಯಾಸಿ ಪಾದ್ರಿಗಳು ಅದನ್ನು ದೊಡ್ಡದು ಮಾಡಿದರು. ಇಸ್ಕಿಯೆರ್ದೊಗೆ ತನ್ನ ಆಜ್ಞೆಯ ತಪ್ಪು ಮುಚ್ಚಬೇಕಿತ್ತು. ತವೇರಾ ಆಗ ಇನ್ನೂ ಹುಡುಗ, ಅವರ ದೊಡ್ಡಪ್ಪ-ಚಿಕ್ಕಪ್ಪಂದಿರಲ್ಲಿ ಒಬ್ಬರನ್ನು ಇದೇ ಗಲಾಟೆಯಲ್ಲಿ ಗಡಿಪಾರು ಮಾಡಿದ್ದರು. ಇಬ್ಬರಿಗೂ ಕಾರಣ ಇದೆ.

ಈ ದಂಗೆಯ ಆರೋಪ ಹೊರಿಸಿ ಮೂವರು ಪಾದ್ರಿಗಳಾದ ಗೊಮೆಸ್, ಬುರ್ಗೊಸ್, ಸಮೋರಾ ಅವರನ್ನು ಫೆಬ್ರವರಿ 17ರಂದು ಕತ್ತು ಬಿಗಿದು ಕೊಂದರು. ರಿಸಾಲ್ 1891ರಲ್ಲಿ ತನ್ನ ಎರಡನೇ ಕಾದಂಬರಿಯನ್ನು ಇವರಿಗೇ ಅರ್ಪಿಸಿದ. ಆ ಅರ್ಪಣೆಯಲ್ಲಿ ಬರೆದ ತಾರೀಖು ಫೆಬ್ರವರಿ 28! ವಯಸ್ಸೂ ತಪ್ಪು. 72ರ ಗೊಮೆಸ್‌ಗೆ 85 ಅಂದಿದ್ದಾನೆ. ರಿಸಾಲ್‌ನ ಅಣ್ಣ ಪಸಿಯಾನೊ ಬುರ್ಗೊಸ್ ಮನೆಯಲ್ಲೇ ಇದ್ದವನು. ಅಷ್ಟು ಹತ್ತಿರದವರಿಗೂ, ಅಷ್ಟು ಗೌರವ ಇಟ್ಟವರಿಗೂ ತಾರೀಖು ಜಾರುತ್ತದೆ. ರಿಸಾಲ್ ಬರೆದಿದ್ದಾನೆ ಅಂತ 28 ಹಾಕುವ ಹಾಗಿಲ್ಲ. ತಾರೀಖು ತಪ್ಪಿದೆ ಅಂತ ಆ ಅರ್ಪಣೆಯನ್ನು ಬಿಸಾಕುವ ಹಾಗೂ ಇಲ್ಲ. 1891ರಲ್ಲಿ ಈ ಮೂವರು ಜನರ ಮನಸ್ಸಿನಲ್ಲಿ ಏನಾಗಿದ್ದರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಆಕರ ಎಲ್ಲಿ ಸಿಗಬೇಕು?

ಇನ್ನು ಹೊಸದಾಗಿ ಒಂದು ಹಾಳೆ ತೆರೆದಿದ್ದೇನೆ, ಹೆಸರು ‘ಕೂಟ’. ನಮ್ಮ ಶಾಸನದವರು ನಕಲಿ ಶಾಸನಕ್ಕೆ ಕೂಟಶಾಸನ ಅನ್ನುತ್ತಾರಲ್ಲ, ಅಲ್ಲಿಂದ ತಂದದ್ದು. ಅದರಲ್ಲಿ ಮೊದಲ ಹೆಸರು ಹೊಸೆ ಮಾರ್ಕೊ, ನೆಗ್ರೊಸ್ ದ್ವೀಪದವನು. ಬುರ್ಗೊಸ್ ಬರೆದದ್ದು ಅಂತ ಕಾದಂಬರಿಯನ್ನೇ ಹುಟ್ಟಿಸಿದ ಮನುಷ್ಯ. ಜೆಸ್ಯುಯಿಟ್ ಇತಿಹಾಸಕಾರ ಜಾನ್ ಶುಮಾಕರ್ ಅದರ ಬಣ್ಣ ಬಯಲು ಮಾಡಿದರು. ಮಾರ್ಕೊನ ದೊಡ್ಡ ಕೈಚಳಕ ಕಲಂತಿಯಾವ್ ಸಂಹಿತೆ. 1433ರಲ್ಲಿ ಕಲಂತಿಯಾವ್ ಎಂಬ ನಾಯಕ ಮಾಡಿದ ಕಾನೂನು ಅಂತ 1914ರಲ್ಲಿ ಮನಿಲಾದ ಗ್ರಂಥಾಲಯಕ್ಕೆ ಕೊಟ್ಟ. ತೆಗೆದುಕೊಂಡು ಇಂಗ್ಲಿಷಿಗೂ ಅನುವಾದಿಸಿದವರು ಜೇಮ್ಸ್ ರಾಬರ್ಟ್‌ಸನ್. ಎಮ್ಮಾ ಬ್ಲೇರ್ ಜೊತೆ ಸೇರಿ ಫಿಲಿಪೀನ್ಸ್ ದಾಖಲೆಗಳ 55 ಸಂಪುಟ ಹೊರತಂದ ಅದೇ ರಾಬರ್ಟ್‌ಸನ್. ಅಸಲಿ ಕಾಗದಗಳನ್ನು ಅವರಷ್ಟು ಕೈಯಲ್ಲಿ ಹಿಡಿದವರು ಆಗ ಇನ್ನೊಬ್ಬರಿರಲಿಲ್ಲ!

1968ರಲ್ಲಿ ವಿಲಿಯಂ ಹೆನ್ರಿ ಸ್ಕಾಟ್ ಪಿಎಚ್‌.ಡಿ. ಪ್ರಬಂಧದಲ್ಲಿ ಇದರ ಬುಡಕ್ಕೆ ಕೈ ಹಾಕಿದರು. ಅವರು ಕೇಳಿದ ಪ್ರಶ್ನೆ ಸರಳ: ಮಾರ್ಕೊಗಿಂತ ಮೊದಲು ಕಲಂತಿಯಾವ್ ಹೆಸರು ಯಾರಾದರೂ ಎತ್ತಿದ್ದಾರಾ? ಒಬ್ಬರೂ ಇಲ್ಲ. ಸಂಹಿತೆ ಇದ್ದ ಪುಸ್ತಕವನ್ನು 1839ರಲ್ಲಿ ಒಬ್ಬ ಪಾದ್ರಿ ಸ್ಪೇನಿನ ರಾಜನಿಗೆ ಅರ್ಪಿಸಿದಂತೆ ಇದೆ. ಆ ವರ್ಷ ಸ್ಪೇನಿಗೆ ರಾಜನೇ ಇರಲಿಲ್ಲ, ರಾಣಿ ಇಸಬೆಲಾ ಇನ್ನೂ ಮಗು. ಇಷ್ಟಾದ ಮೇಲೂ 1971ರಲ್ಲಿ ನ್ಯಾಯ ಕ್ಷೇತ್ರದವರಿಗೆ ಕಲಂತಿಯಾವ್ ಹೆಸರಿನ ಸರ್ಕಾರಿ ಪ್ರಶಸ್ತಿ ಶುರುವಾಯಿತು. ಅಲ್ಲಿನ ರಾಷ್ಟ್ರೀಯ ಇತಿಹಾಸ ಸಂಸ್ಥೆ ಇದಕ್ಕೆ ಆಧಾರವಿಲ್ಲ ಅಂತ ಹೇಳಲು 2004 ಬರಬೇಕಾಯಿತು.

ಆ ಸಂಹಿತೆಯಲ್ಲಿ ದೊಡ್ಡ ಸಾಲ ತೀರಿಸದವನ ಕೈಯನ್ನು ಮೂರು ಸಲ ಕುದಿಯುವ ನೀರಿಗೆ ಅದ್ದಬೇಕು. ಲಗುನಾ ತಾಮ್ರಪಟ ಎಂಬ ಅಸಲಿ ದಾಖಲೆಯಲ್ಲಿ ಸಾಲದ ಕಥೆ ಬೇರೆ. 1521ಕ್ಕಿಂತ ಮುಂಚಿನದು, ನನ್ನ ಗಡಿಯ ಆಚೆ. ಆದರೂ ಬಿಡಲು ಮನಸ್ಸಾಗಲಿಲ್ಲ. ಲಗುನಾದಲ್ಲಿ 1980ರ ದಶಕದ ಕೊನೆಗೆ ಸಿಕ್ಕಿದ್ದು, ಆಂಟೂನ್ ಪೋಸ್ಟ್ಮಾ ಓದಿದ್ದು. ಭಾಷೆ ಹಳೆಯ ಮಲಯ್. ಶುರುವಾಗುವುದು ‘ಸ್ವಸ್ತಿ’ಯಿಂದ. ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ. ನಮ್ವರಾನ್ ಎಂಬವನ 1 ಕಾಟಿ 8 ಸುವರ್ಣದ (ಎರಡೂ ಚಿನ್ನದ ತೂಕ) ಸಾಲ ಮನ್ನಾ ಮಾಡಿ ಅವನ ಮಕ್ಕಳಿಗೆ ಕೊಟ್ಟ ಪತ್ರ ಅದು. ನಮ್ಮ ಗಂಗರ ತಾಮ್ರಪಟಗಳಲ್ಲಿ ಹಲವನ್ನು ನಕಲಿ ಅಂದ ಶಾಸನತಜ್ಞ ಫ್ಲೀಟ್ ಅವರು ತಿಥಿ, ವಾರ ಹೊಂದುತ್ತದೆಯೋ ಅಂತ ಲೆಕ್ಕ ಹಾಕಿ ನೋಡುತ್ತಿದ್ದರು. ನಾನೂ ಹಾಕಿದೆ. ಈ ತಿಥಿಗೆ ವಿದ್ವಾಂಸರು ಕೊಟ್ಟಿರುವ ತಾರೀಖು 900ರ ಏಪ್ರಿಲ್ 21. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಅದು ಸೋಮವಾರವೇ. ವಾರ ಹೊಂದಿದ ಮಾತ್ರಕ್ಕೆ ಅಸಲಿ ಅಂತಲ್ಲ, ಹೊಂದದಿದ್ದರೆ ಮಾತ್ರ ಅನುಮಾನ ಪಡಬೇಕು. ಲಿಪಿ, ಭಾಷೆ ಎಲ್ಲ ಆ ಕಾಲಕ್ಕೆ ಸರಿಹೋಗುತ್ತವೆ ಅನ್ನೋದು ಬಲವಾದ ಕಾರಣ.

ಮುಂದಿನ ಕೆಲಸ ಮೊರ್ಗಾ. ಸ್ಪೇನಿನ ಅಧಿಕಾರಿ ಅಂತೋನಿಯೊ ದೆ ಮೊರ್ಗಾ 1609ರಲ್ಲಿ ಅಚ್ಚು ಹಾಕಿಸಿದ ಪುಸ್ತಕವನ್ನು ರಿಸಾಲ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಕೈಯಾರೆ ನಕಲು ಮಾಡಿಕೊಂಡು, ಟಿಪ್ಪಣಿ ಸೇರಿಸಿ, 1890ರ ವರ್ಷ ನಮೂದಿಸಿ ಪ್ಯಾರಿಸ್‌ನಲ್ಲಿ ಹೊರತಂದ. ಹಿಂದಿನ ಕಾಲವನ್ನು ಇಂದಿನ ಕಣ್ಣಿನಿಂದ ಅಳೆಯುತ್ತಿದ್ದೀಯ ಅಂತ ಅವನ ಗೆಳೆಯ ಬ್ಲೂಮೆನ್‌ಟ್ರಿಟ್ ಮುನ್ನುಡಿಯಲ್ಲೇ ಆಕ್ಷೇಪ ಎತ್ತಿದ. ರಿಸಾಲ್ ಅದನ್ನೂ ಹಾಗೇ ಅಚ್ಚು ಹಾಕಿಸಿದ. ಒಂದೇ ಪುಟದಲ್ಲಿ ಮೇಲೆ 1609, ಕೆಳಗೆ 1890. ಸದ್ಯಕ್ಕೆ ಪ್ರತಿ ಘಟನೆಗೂ ಎರಡು ಸಾಲು ಹಾಕಿ, ರಿಸಾಲ್ ಟಿಪ್ಪಣಿಗಳನ್ನು ಅವನು ಅವನ್ನು ಬರೆದ 1880ರ ದಶಕದ ಕೊನೆಗೆ ತಳ್ಳಬೇಕು ಅಂದುಕೊಂಡಿದ್ದೇನೆ. ಬ್ಲೇರ್–ರಾಬರ್ಟ್‌ಸನ್ ಮಾಲೆಯ 15 ಮತ್ತು 16ನೇ ಸಂಪುಟಗಳಲ್ಲಿ ಮೊರ್ಗಾ ಅನುವಾದ ಇದೆ, ಇಳಿಸಿಕೊಂಡಾಗಿದೆ. ರಾಬರ್ಟ್‌ಸನ್ ಹೆಸರು ಕಂಡ ಕಡೆಯೆಲ್ಲ ಇನ್ನು ಮೇಲೆ ಅಡಿಟಿಪ್ಪಣಿ ಎರಡು ಸಲ ಓದುತ್ತೇನೆ.