ಹಿನ್ನೀರಿನ ದಂಡೆಯಲ್ಲಿ ವಿಂಡ್‌ಸರ್ಫಿಂಗ್ ಬೋರ್ಡಿಗೆ ಬೀಗ ಹಾಕುವ ಬಗೆ

ಗೊರೂರಿನ ಹೇಮಾವತಿ ಹಿನ್ನೀರಾಗಲಿ, ಬೇಲೂರಿನ ಯಗಚಿಯಾಗಲಿ, ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಮನೆಗೆ ಹೋದಂತೆ, ಸೇಲ್ (ಹಾಯಿ) ಕಟ್ಟಿ ಗಾಳಿಯಲ್ಲಿ ಓಡಿಸುವ ವಿಂಡ್‌ಸರ್ಫಿಂಗ್ ಬೋರ್ಡನ್ನು ಬಿಟ್ಟು ಹೋಗಲಾಗದು. ಕಲಿಯುವವರ ಬೋರ್ಡು ಎರಡೂವರೆ ಮೀಟರಿಗಿಂತ ಉದ್ದವಿದ್ದರೂ ತೂಕ 10ರಿಂದ 15 ಕಿಲೋ ಅಷ್ಟೇ. ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದು. ಸೈಕಲ್ಲಿಗಿರುವಂತೆ ಸರಪಳಿ ಹಾಯಿಸಲು ಚೌಕಟ್ಟೂ ಇಲ್ಲ, ಬಳೆಯೂ ಇಲ್ಲ.

ಅದಕ್ಕೇ ಹೆಚ್ಚಿನವರು ಕಾಲು ತೂರಿಸುವ ಪಟ್ಟಿಗೆ, ಅಂದರೆ ಫುಟ್‌ಸ್ಟ್ರ್ಯಾಪಿಗೆ, ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ಅದು ನಿಂತಿರುವುದು ಪ್ಲಾಸ್ಟಿಕ್ ಗೂಟಕ್ಕೆ ತಿರುಗಿಸಿದ ಸ್ಕ್ರೂಗಳ ಮೇಲೆ. ಒಂದು ಸ್ಕ್ರೂಡ್ರೈವರ್ ಇದ್ದರೆ ಬೀಗ, ಸರಪಳಿ ಎರಡೂ ದಂಡೆಯಲ್ಲೇ ಉಳಿದು ಬೋರ್ಡು ಮಾತ್ರ ಹೋಗುತ್ತದೆ. ನಡುವಿಗೆ ಸುತ್ತಿ ಕಟ್ಟಿದರೂ ಅಷ್ಟೇ: ಬೋರ್ಡು ತುದಿಯ ಕಡೆ ಕಿರಿದಾಗುವುದರಿಂದ ಸುತ್ತು ಜಾರಿ ಕಳಚಿಕೊಳ್ಳುತ್ತದೆ. ಫಿನ್, ಅಂದರೆ ಬೋರ್ಡಿನ ಅಡಿಯ ರೆಕ್ಕೆ, ಕೂರುವ ಬಾಕ್ಸಿನ ತೂತು ಬೋಲ್ಟಿಗಷ್ಟೇ ಸಾಕು, ಸರಪಳಿ ದಾಟುವುದಿಲ್ಲ.

ನಂಬಬಹುದಾದ ಜಾಗ ಎರಡೇ. ನಡುವೆ ಡ್ಯಾಗರ್‌ಬೋರ್ಡ್ (ನೀರಿಗೆ ಇಳಿಬಿಡುವ ಹಲಗೆ) ಇರುವ ಮಾದರಿಯಾದರೆ, ಅದರ ಪೆಟ್ಟಿಗೆಯನ್ನು ಬಿಚ್ಚಿದಾಗ ಮೇಲಿನಿಂದ ಕೆಳಗಿನವರೆಗೆ ಆರಪಾರ ಸೀಳು ಸಿಗುತ್ತದೆ. ಸರಪಳಿಯನ್ನು ಅದರಲ್ಲೇ ಹಾಯಿಸಿ. ಇದಕ್ಕಿಂತ ಸುಲಭದ ದಾರಿ ಇಲ್ಲ. ಅದಿಲ್ಲದ ಬೋರ್ಡಿನಲ್ಲಿ ಮಾಸ್ಟ್ (ಸೇಲಿನ ಕಂಬ) ಕೂರುವ ಗಾಡಿಯೇ, ಅಂದರೆ ಬೋರ್ಡಿನ ಮೇಲಿನ ಉದ್ದನೆಯ ತೋಡೇ, ಗತಿ. ಸೇಲ್ ಎಳೆಯುವ ಎಳೆತವನ್ನೆಲ್ಲ ತಡೆಯುವ ಜಾಗವಾದ್ದರಿಂದ ತಯಾರಿಸುವಾಗಲೇ ಅದನ್ನು ಗಟ್ಟಿ ಮಾಡಿರುತ್ತಾರೆ.

ಈ ಗಾಡಿಗೆ ಕೂರುವ ಬೀಗದ ಪಟ್ಟಿಯನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಆರ್ಗಾನ್ ವೆಲ್ಡಿಂಗ್ ಮಾಡುವ ಯಾವ ಶಾಪಿನಲ್ಲಾದರೂ ಮಾಡಿಸಬಹುದು. 6 ಮಿ.ಮೀ. ದಪ್ಪ, 12 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ 304 ದರ್ಜೆಯ ಸ್ಟೇನ್‌ಲೆಸ್ ಪಟ್ಟಿ ಬೇಕು. ಗಾಡಿಯೊಳಗೆ ಜಾರುವ ನಟ್ಟುಗಳ ಅಳತೆಯನ್ನು ಅಂದಾಜಿನಲ್ಲಿ ಹೇಳಬೇಡಿ, ಬೋರ್ಡಿನ ಜೊತೆ ಬಂದ ನಟ್ಟನ್ನೇ ಶಾಪಿಗೆ ಒಯ್ಯಿರಿ. ಎರಡು ಬೋಲ್ಟಿಗೆ ಎರಡು ತೂತು, ಬೋಲ್ಟಿನ ತಲೆ ಪಟ್ಟಿಯೊಳಗೆ ಸಮನಾಗಿ ಕೂರಬೇಕು. ನಡುವೆ 10 ಮಿ.ಮೀ. ಸರಳನ್ನು ಬಗ್ಗಿಸಿ ಬಳೆಯಂತೆ ವೆಲ್ಡ್ ಮಾಡಿಸಿ. ಇದರ ಮೇಲೆ ಇನ್ನೊಂದು ತೆಳು ಪಟ್ಟಿ ಮುಚ್ಚಳವಾಗಿ ಬರುತ್ತದೆ. ಅದರ ನಡುವಿನ ಸೀಳಿನಿಂದ ಬಳೆ ಹೊರಗೆ ಬರುತ್ತದೆ, ಬೋಲ್ಟಿನ ತಲೆಗಳು ಮುಚ್ಚಿಹೋಗುತ್ತವೆ. ಬಳೆಗೆ ಬೀಗ ಬಿದ್ದ ಮೇಲೆ ಮುಚ್ಚಳ ಏಳುವುದಿಲ್ಲ. ಬಾಗಿಲಿನ ಚಿಲಕ, ಕೊಂಡಿಯ ಲೆಕ್ಕವೇ ಇದು.

ಎಡವಟ್ಟಾಗುವುದು ಬಳೆಯ ಎತ್ತರದಲ್ಲಿ. ಮುಚ್ಚಳದ ಮೇಲೆ ಉಳಿಯುವ ಸಂದು ಬೀಗದ ಕೊಂಡಿಯ ದಪ್ಪಕ್ಕಿಂತ ಎರಡು ಮಿ.ಮೀ. ಹೆಚ್ಚಿದ್ದರೆ ಸಾಕು. ಬಳೆ ಉದ್ದವಾದರೆ ಮುಚ್ಚಳ ಮೇಲೆದ್ದು ಅಲೆನ್ ಕೀ ತೂರಲು ದಾರಿಯಾಗುತ್ತದೆ. ಮುಚ್ಚಳದ ಅಂಚನ್ನು 6 ಮಿ.ಮೀ. ಕೆಳಗೆ ಮಡಚಿಸಿದರೆ ಇಕ್ಕಳಕ್ಕೂ ಹಿಡಿತ ಸಿಗದು. ಪಟ್ಟಿಯ ಅಡಿಗೆ ಹಳೇ ಟ್ಯೂಬಿನ ತುಂಡು ಇಡಿ. ಬೋಲ್ಟನ್ನು ಕೈಬಿಗಿ ಮಾಡಿ, ಆಮೇಲೆ ಕಾಲು ಸುತ್ತು ತಿರುಗಿಸಿ, ಅಷ್ಟೇ. ಹೆಚ್ಚು ಬಿಗಿದರೆ ಗಾಡಿಯ ತುಟಿ ಸೀಳಿ, ಒಳಗಿನ ಥರ್ಮಾಕೋಲಿಗೆ ನೀರು ಇಳಿದು ಬೋರ್ಡು ಭಾರವಾಗುತ್ತದೆ. ಕಳ್ಳನಿಂದ ಉಳಿಸಿದ ಬೋರ್ಡನ್ನು ನಮ್ಮ ಸ್ಪ್ಯಾನರೇ ಕೆಡಿಸಿದಂತಾಗಬಾರದು.

ಇನ್ನು ಯಾವುದಕ್ಕೆ ಕಟ್ಟುವುದು ಎಂಬ ಪ್ರಶ್ನೆ. ನಮ್ಮ ಕಡೆಯ ಕಷ್ಟ ಇರುವುದೇ ಇಲ್ಲಿ. ಹೇಮಾವತಿಯ ಪೂರ್ಣ ಮಟ್ಟ 2922 ಅಡಿ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಗೋಡೆ ಮುಟ್ಟುವ ನೀರು ಬೇಸಿಗೆಗೆ ಎಷ್ಟೋ ದೂರ ಸರಿದಿರುತ್ತದೆ. ದಂಡೆಯಲ್ಲಿ ಕಾಂಕ್ರೀಟು ಹಾಕಿ ನೆಟ್ಟ ಕೊಕ್ಕೆ ಒಂದು ಕಾಲದಲ್ಲಿ ನೀರಿನಡಿ, ಇನ್ನೊಂದು ಕಾಲದಲ್ಲಿ ಹೊಲದ ನಡುವೆ. ನೆಲಕ್ಕೆ ತಿರುಗಿಸುವ ಕಬ್ಬಿಣದ ಗೂಟ ಬೇಡವೇ ಬೇಡ: ಹಿನ್ನೀರಿನ ಮಣ್ಣು ನೆನೆದಾಗ ಅದಕ್ಕೆ ಹಾರೆ ತೂರಿಸಿ ತಿರುಗಿಸಿದರೆ ಬಂದುಬಿಡುತ್ತದೆ.

ಸರಿಸಬಹುದಾದ ಕಾಂಕ್ರೀಟ್ ದಿಮ್ಮಿ ವಾಸಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಮ್ಮಿ ಸುಮಾರು 400 ಕಿಲೋ ತೂಗುತ್ತದೆ. 16 ಮಿ.ಮೀ. ಸರಳನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಲುಗಳನ್ನು ಒಂದಡಿ ಒಳಗೆ ಇಳಿಸಿ, ತುದಿಗಳನ್ನು ಹೊರಕ್ಕೆ ಮಡಚಿ ಎರಕ ಹಾಕಿಸಿ. ಹಳೇ ಡ್ರಮ್ಮಿನಲ್ಲಿ ಎರಕ ಹಾಕುವುದು ಅಗ್ಗ, ಆದರೆ ದುಂಡಗಿದ್ದದ್ದು ಉರುಳುತ್ತದೆ. ಚೌಕ ದಿಮ್ಮಿಯನ್ನು ಅಲುಗಿಸಲು ಟ್ರ್ಯಾಕ್ಟರೇ ಬರಬೇಕು, ನಮಗೆ ಬೇಕಾದದ್ದೂ ಅದೇ.

ಸರಪಳಿ ಕೊಳ್ಳುವಾಗ ದಪ್ಪ ನೋಡಿ ಮೋಸ ಹೋಗಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಮಾಮೂಲಿ ಜಿಐ ಸರಪಳಿ ಮೆತ್ತನೆ ಕಬ್ಬಿಣ, ಆಕ್ಸಾ ಬ್ಲೇಡಿಗೇ ತುಂಡಾಗುತ್ತದೆ. ಒಂದು ಕೊಂಡಿಗೆ ಅರ ಎಳೆದು ನೋಡಿ: ಕಚ್ಚಿದರೆ ಮೆತ್ತನೆಯದು, ಜಾರಿದರೆ ಹದ ಮಾಡಿದ ಉಕ್ಕು. 8ರಿಂದ 10 ಮಿ.ಮೀ. ಉಕ್ಕಿನ ಸರಪಳಿ ಸಾಕು. ಅದಕ್ಕೆ ಹಳೇ ಸೈಕಲ್ ಟ್ಯೂಬು ತೊಡಿಸದಿದ್ದರೆ ಬೋರ್ಡಿನ ಅಂಚೆಲ್ಲ ಜಜ್ಜಿಹೋಗುತ್ತದೆ. ವೈರ್ ರೋಪ್ ಹಗುರ ನಿಜ, ಆದರೆ ಅದರ ಎಳೆಗಳನ್ನು ಒಂದೊಂದಾಗಿ ಕತ್ತರಿಸಲು ಸಣ್ಣ ಕಟರೂ ಸಾಕು. ಚಹಾ ಕುಡಿದು ಬರುವಷ್ಟು ಹೊತ್ತಿಗೆ ಮಾತ್ರ ಅದು ಸರಿ. ಆರು ಬೋರ್ಡಿಗೆ ಒಂದೇ ಉದ್ದ ಸರಪಳಿ ಪೋಣಿಸುವುದು ತಪ್ಪು: ಒಂದು ಕಡೆ ಕತ್ತರಿಸಿದರೆ ಆರೂ ಹೋಗುತ್ತವೆ. ಒಂದೊಂದಕ್ಕೂ ಗಿಡ್ಡ ತುಂಡು ಹಾಕಿ, ಒಂದೇ ಬೀಗದ ಕೈಗೆ ತೆರೆಯುವ ಬೀಗಗಳ ಸೆಟ್ ತೆಗೆದುಕೊಳ್ಳಿ. ಬೀಗ ನೆಲಕ್ಕೆ ತಾಗಬಾರದು. ನೆಲಕ್ಕೆ ಆನಿಸಿ ಬೋಲ್ಟ್ ಕಟರಿನ ಹಿಡಿ ಮೇಲೆ ನಿಂತರೆ ಮೈಭಾರವೆಲ್ಲ ಅದಕ್ಕೇ ಸಿಗುತ್ತದೆ.

ಮಲೆನಾಡಿನ ಅಂಚಿನ ಮಳೆಗೆ ಬೀಗ ಕೆಡುವುದು ಬೇಗ. ಬೀಗದ ಕೈ ಹಾಕುವ ಬಾಯಿ ಕೆಳಗೆ ಬರುವಂತೆ ನೇತುಹಾಕಿ, ಟ್ಯೂಬಿನ ತುಂಡಿನಿಂದ ಕೊಡೆ ಮಾಡಿ. ಹದಿನೈದು ದಿನಕ್ಕೊಮ್ಮೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಖಂಡಿತ ಹಾಕಬೇಡಿ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಬೀಗದೊಳಗೂ ಗಟ್ಟಿಯಾಗುತ್ತದೆ, ಬೀಗದ ಕೈ ಮುರಿಯುತ್ತದೆ. ಪೆನ್ಸಿಲ್ ಪುಡಿಯನ್ನು ಎಣ್ಣೆಯ ಜೊತೆ ಸೇರಿಸಿದರೂ ಅಂಟಾಗಿ ಒಳಗಿನ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ.

ಸಂಜೆ ಬೀಗ ಹಾಕುವ ಮುಂಚೆ ಫಿನ್ ಮತ್ತು ಮಾಸ್ಟ್ ಬೇಸ್ (ಮಾಸ್ಟನ್ನು ಬೋರ್ಡಿಗೆ ಸೇರಿಸುವ ಬುಡ) ಬಿಚ್ಚಿ ಚೀಲಕ್ಕೆ ಹಾಕಿ ಮನೆಗೆ ಒಯ್ಯಿರಿ. ಅವೆರಡಿಲ್ಲದೆ ಬೋರ್ಡನ್ನು ಓಡಿಸಲಾಗದು. ಎರಡು ತುಂಡಾಗುವ ಮಾಸ್ಟುಗಳಿಗೆ 160 ಮಿ.ಮೀ. ಪಿವಿಸಿ ಪೈಪು, ಎಂಟು ಅಡಿ ಉದ್ದದ್ದು, ಚೆನ್ನಾಗಿ ಒಪ್ಪುತ್ತದೆ. ಎರಡು ಮಾಸ್ಟಿನ ನಾಲ್ಕೂ ತುಂಡು ಒಳಗೆ ಹೋಗುತ್ತವೆ. ಮುಚ್ಚಳದ ಬಳಿ ಆರಪಾರ ತೂತು ಕೊರೆದು ಬೀಗ ಹಾಕಿ. ಬೋರ್ಡಿನ ಸೀರಿಯಲ್ ನಂಬರಿನ ಫೋಟೋ ಫೋನಿನಲ್ಲಿರಲಿ, ಠಾಣೆಯಲ್ಲಿ ದೂರು ಬರೆಯುವಾಗ ಅದು ಬೇಕಾಗುತ್ತದೆ. ಗುರುತಿಗೆಂದು ಮೈಮೇಲೆ ಕೊರೆಯಬೇಡಿ. ಫಿನ್ ಬಾಕ್ಸಿನ ಒಳಗೋಡೆಗೆ ಪೇಂಟ್ ಪೆನ್ನಿನಲ್ಲಿ ಬರೆಯಿರಿ.

ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿಸಿ ತರುವಾಗ ಕಾರಿನ ಮೇಲೆ ಮಾಮೂಲಿ ಬೆಲ್ಟ್ ಜೊತೆ ಒಂದು ವೈರ್ ರೋಪನ್ನೂ ಹಾಕಿ. ಅದರ ಎರಡೂ ತುದಿಗಳನ್ನು ಬಾಗಿಲ ಸಂದಿನಿಂದ ಒಳಗೆ ತಂದು ಬೀಗ ಹಾಕಿದರೆ ಸಕಲೇಶಪುರದಲ್ಲಿ ಊಟಕ್ಕೆ ಇಳಿಯಬಹುದು. ಮೇಲಕ್ಕೆ ಬಂದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಬೋರ್ಡಿನೊಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೇ ಹೊರಡುವ ಮುಂಚೆ ವೆಂಟ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ. ತಗಡಿನ ಶೆಡ್ಡಿನ ಬಿಸಿಲಲ್ಲಿ ಇಟ್ಟಾಗಲೂ ಹೀಗೇ ಮಾಡಿ. ಸಡಿಲಿಸಿದ ಕೂಡಲೇ ಬಳೆಗೆ ಕೆಂಪು ದಾರ ಕಟ್ಟಿ. ಬೀಗ ತೆಗೆಯುವವರ ಕಣ್ಣಿಗೆ ಆ ದಾರ ಬಿದ್ದರೆ, ನೀರಿಗಿಳಿಸುವ ಮುಂಚೆ ಸ್ಕ್ರೂ ಬಿಗಿಯುವುದು ನೆನಪಾಗುತ್ತದೆ.